ಬಡಾವಣೆಯ ರಸ್ತೆಯಲ್ಲಿ ಕಾರು ನಿಲ್ಲಿಸಬಾರದೆನ್ನುವ ಅಧಿಕಾರ ನಿವಾಸಿಗಳ ಸಂಘಕ್ಕಿದೆಯೇ?

ಪ್ರಶ್ನೆ: ವಕೀಲರಿಗೆ ನಮಸ್ಕಾರ. ಶಿರಸಿಯ ಬಡಾವಣೆಯೊಂದರಲ್ಲಿ ನಮ್ಮ ಸ್ವಂತ ಮನೆಯಿದೆ. ಅಂಗಳ ಚಿಕ್ಕದಾದ್ದರಿಂದ ಕಾರನ್ನು ಗೇಟಿನ ಪಕ್ಕದ ರಸ್ತೆಯಂಚಿಗೆ ನಿಲ್ಲಿಸುತ್ತೇವೆ. ರಾತ್ರಿ ಹೀಗೆ ನಿಲ್ಲಿಸಿದವರಿಂದ 500 ರೂಪಾಯಿ ದಂಡ ವಸೂಲು ಮಾಡುವುದಾಗಿಯೂ, ಮತ್ತೆ ನಿಲ್ಲಿಸಿದರೆ ಗಾಲಿಗೆ ಬೀಗ ಹಾಕುವುದಾಗಿಯೂ ನಿವಾಸಿಗಳ ಸಂಘ ನೋಟಿಸು ಅಂಟಿಸಿದೆ. ನಾನೂ ಸಂಘದ ಸದಸ್ಯ. ಇದನ್ನು ಪಾಲಿಸಲೇಬೇಕೇ?

ಉತ್ತರ: ನಮಸ್ಕಾರ. ಆ ರಸ್ತೆ ಯಾರದೆಂಬುದನ್ನು ಮೊದಲು ನಗರಸಭೆಯಲ್ಲಿ ವಿಚಾರಿಸಿ. ಬಡಾವಣೆಯ ರಸ್ತೆಗಳು ನಗರಸಭೆಗೆ ಹಸ್ತಾಂತರವಾಗಿದ್ದರೆ ಅವು ಸಾರ್ವಜನಿಕ ರಸ್ತೆಗಳು. ಸಂಘಗಳ ನೋಂದಣಿ ಕಾಯ್ದೆ, 1960ರಡಿ ನೋಂದಾಯಿತವಾದ ಸಂಘವು ತನ್ನ ಬೈಲಾದಲ್ಲಿ ಏನನ್ನೇ ಬರೆದುಕೊಂಡರೂ ಅಂಥ ರಸ್ತೆಯ ಮೇಲೆ ದಂಡ ಹಾಕುವ ಅಧಿಕಾರ ಅದಕ್ಕೆ ಬರುವುದಿಲ್ಲ. ಸದಸ್ಯರಾಗಿ ನೀವು ವಂತಿಗೆ ಕೊಡಲು, ಸಂಘದ ಒಳ ವ್ಯವಹಾರಗಳಲ್ಲಿ ಬೈಲಾ ಪಾಲಿಸಲು ಬದ್ಧರು, ಅಷ್ಟೇ. ವಾಹನ ಎಲ್ಲಿ ನಿಲ್ಲಬಹುದೆಂದು ಗೊತ್ತುಪಡಿಸುವ ಅಧಿಕಾರವನ್ನು ಮೋಟಾರು ವಾಹನ ಕಾಯ್ದೆ, 1988ರ 117ನೇ ಕಲಮು ರಾಜ್ಯ ಸರ್ಕಾರಕ್ಕೆ ಅಥವಾ ಅದು ಅಧಿಕಾರ ನೀಡಿದ ಪ್ರಾಧಿಕಾರಕ್ಕೆ, ಸ್ಥಳೀಯ ಸಂಸ್ಥೆಯೊಂದಿಗೆ ಸಮಾಲೋಚಿಸಿ ಚಲಾಯಿಸುವಂತೆ, ಕೊಟ್ಟಿದೆ.

ಗಾಲಿಗೆ ಬೀಗ ಹಾಕುವ ಮಾತು ಇನ್ನೂ ಗಂಭೀರವಾದದ್ದು. 127ನೇ ಕಲಮಿನ ಪ್ರಕಾರ ಅದಕ್ಕೆ ಅನುಮತಿ ನೀಡಬೇಕಾದವರು ಸಮವಸ್ತ್ರದಲ್ಲಿರುವ, ಆ ವ್ಯಾಪ್ತಿಯ ಪೊಲೀಸ್ ಅಧಿಕಾರಿ. ಆದರೆ ಇದೇ ಕಲಮು ನಿಮಗೂ ಅನ್ವಯಿಸುತ್ತದೆ: ಸಾರ್ವಜನಿಕ ಸ್ಥಳದಲ್ಲಿ 10 ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ನೋಡಿಕೊಳ್ಳುವವರಿಲ್ಲದೆ ಬಿಟ್ಟ ವಾಹನವನ್ನು ಪೊಲೀಸರು ಎಳೆಸಿಕೊಂಡು ಹೋಗಬಹುದು. ಮನೆಯೆದುರಿನ ರಸ್ತೆಯಂಚು ಮನೆಯವರಿಗೇ ಮೀಸಲೆಂಬ ಭಾವನೆ ನಮ್ಮೂರಲ್ಲಿ ಗಟ್ಟಿಯಾಗಿದೆ; ಕಾನೂನಿನಲ್ಲಿ ಅದಕ್ಕೆ ಆಧಾರವಿಲ್ಲ. ನಿಮ್ಮ ಕಾರಿನಿಂದ ಅಗ್ನಿಶಾಮಕ ವಾಹನಕ್ಕೆ ದಾರಿ ಸಾಲದಿದ್ದರೆ ಸಂಘದವರ ದೂರಿನಲ್ಲಿ ಹುರುಳಿದೆಯೆಂದೇ ನಾನು ಹೇಳುತ್ತೇನೆ. ಆಗ ಅವರು ಪೊಲೀಸರಿಗೂ ನಗರಸಭೆಗೂ ಮನವಿ ಕೊಟ್ಟು, ಅಧಿಕೃತವಾಗಿ ನಿಲುಗಡೆ ನಿಷೇಧಿಸುವಂತೆ ಕೇಳಬೇಕು.

ಮರುಪ್ರಶ್ನೆ: ನಮ್ಮದು ಕಾರವಾರದ ಅಪಾರ್ಟ್‌ಮೆಂಟ್. ಕಂಪೌಂಡಿನೊಳಗಿನ ದಾರಿಗೂ ಇದೇ ಉತ್ತರವೇ?

ಉತ್ತರ: ಅಲ್ಲ. ಅದು ಎಲ್ಲ ಮಾಲೀಕರ ಸಾಮಾನ್ಯ ಜಾಗ. ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972ಕ್ಕೆ ಒಳಪಟ್ಟ ಕಟ್ಟಡವಾದರೆ ಅಲ್ಲಿ ಬೈಲಾ ಮಾಲೀಕರನ್ನೂ ಬಾಡಿಗೆದಾರರನ್ನೂ ಕಟ್ಟುತ್ತದೆ. ಸಂಘದ ನಿರ್ಧಾರಕ್ಕೆ ಬೈಲಾದಲ್ಲಿ ಆಧಾರವಿದೆಯೇ ಎಂದು ನೋಡಿ. ಇಲ್ಲದಿದ್ದರೆ ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ. ಗೇಟಿನ ಹೊರಗಿನ ರಸ್ತೆಗೆ ಮಾತ್ರ ಮೇಲಿನ ಉತ್ತರವೇ ಅನ್ವಯಿಸುತ್ತದೆ.