ಸಹಾಯ ಬೇಕು: ಪಿಎಸ್‌ಪಿಯಲ್ಲಿ ಕತ್ತರಿ ಬೀಳದ ಮ್ಯಾನ್‌ಹಂಟ್ 2

ಎಲ್ಲರಿಗೂ ನಮಸ್ಕಾರ. ಗೇಮ್‌ಗಳ ಸೆನ್ಸಾರ್ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಮ್ಯಾನ್‌ಹಂಟ್ 2 ಅನ್ನೋ ಗೇಮ್ ಗೊತ್ತಲ್ವಾ? 2007ರಲ್ಲಿ ಅಮೆರಿಕದಲ್ಲಿ ಅದಕ್ಕೆ ಮೊದಲು ‘ವಯಸ್ಕರಿಗೆ ಮಾತ್ರ’ ರೇಟಿಂಗ್ ಬಂತು. ಅಂಥ ಗೇಮ್‌ಗಳನ್ನು ಸೋನಿ, ನಿಂಟೆಂಡೊ ತಮ್ಮ ಕನ್ಸೋಲ್‌ಗಳಿಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಹಾಗಾಗಿ ಕೊಲೆ ದೃಶ್ಯಗಳನ್ನು ಮಸುಕು ಮಾಡಿ ಬಿಡುಗಡೆ ಮಾಡಿದರು. ನನ್ನ ಹತ್ತಿರ ಇರುವುದು ಆ ಅಮೆರಿಕದ ಡಿಸ್ಕೇ. ಸರಿಯಾಗಿ ಹೊಡೆಯುವ ಹೊತ್ತಿಗೆ ಪರದೆ ಕದಡಿ ಹೋಗುತ್ತದೆ, ಏನಾಯಿತು ಅಂತಲೇ ತಿಳಿಯುವುದಿಲ್ಲ.

ನನ್ನ ಪಿಎಸ್‌ಪಿ 3000ಕ್ಕೆ (ಸೋನಿಯ ಕೈಯಲ್ಲಿ ಹಿಡಿದು ಆಡುವ ಕನ್ಸೋಲ್) ಕಸ್ಟಮ್ ಫರ್ಮ್‌ವೇರ್, ಅಂದರೆ ಕಂಪನಿಯದ್ದಲ್ಲದ, ಬೇರೆಯವರು ತಿದ್ದಿದ ಸಿಸ್ಟಮ್ ಸಾಫ್ಟ್‌ವೇರ್ ಹಾಕಿದ್ದೇನೆ. ಡಿಸ್ಕ್‌ನ ಕಾಪಿ ಮೆಮೊರಿ ಸ್ಟಿಕ್‌ನಲ್ಲಿದೆ. ಫೈಲ್ ತಿದ್ದಿ ಆ ಮಸುಕು ತೆಗೆದವರು ಆಗಲೇ ಇದ್ದರು. ಯಾವ ಫೈಲ್, ಏನು ಬದಲಿಸಬೇಕು? ಮಾಡಿ ನೋಡಿದವರು ದಯವಿಟ್ಟು ಹೇಳಿ. 2009ರ ಪಿಸಿ ಆವೃತ್ತಿಗೆ ಕತ್ತರಿ ಬಿದ್ದಿಲ್ಲ, ನಿಜ. ಆದರೆ ಒಂದೇ ಡಿಸ್ಕ್‌ನಲ್ಲಿ ಏನು ಮುಚ್ಚಿಟ್ಟಿದ್ದರು ಅನ್ನೋದನ್ನ ಪಕ್ಕಪಕ್ಕ ಇಟ್ಟು ತೋರಿಸಬೇಕು ನನಗೆ.