ಅಪ್‌ಡೇಟ್: ‘ಪುಟ್ ಆಫ್’ ಆದ ಸಂದರ್ಶನ ಕೊನೆಗೂ ನಡೆಯಿತು

ಧಾರವಾಡದ ಕಾಲೇಜೊಂದರಲ್ಲಿ ನನ್ನ ತಂಗಿಗಿದ್ದ ಸಂದರ್ಶನ ‘ಪುಟ್ ಆಫ್’ ಆಗಿದೆ ಎಂದು ಪತ್ರ ಬಂದಿತ್ತು. ಅದು ರದ್ದಾಯಿತೋ, ಮುಂದಕ್ಕೆ ಹೋಯಿತೋ ಎಂದು ಇಲ್ಲಿ ಕೇಳಿದ್ದೆ. ಮುಂದಕ್ಕೇ ಹೋಗಿತ್ತು. ಹೊಸ ದಿನಾಂಕ ತಿಳಿಸಿದರು. ಅವಳು ಗದಗದಿಂದ ಬೆಳಗಿನ ರೈಲು ಹಿಡಿದು ಹೋಗಿ ಸಂದರ್ಶನ ಮುಗಿಸಿ ಬಂದಳು. ಫಲಿತಾಂಶ ಇನ್ನೂ ಬರಬೇಕು.

ಎರಡೂ ಪದಗಳನ್ನು ಬಿಡಿಬಿಡಿಯಾಗಿ ನೋಡಿ ಎಂಬ ಸಲಹೆ ಕೈಹಿಡಿಯಲಿಲ್ಲ. ‘ಇಡು’, ‘ಆಚೆ’ ಎಂಬುದರಿಂದ ಏನು ತಿಳಿದೀತು? ಮೊಬೈಲ್ ಅನುವಾದ ‘ಆರಿಸು’ ಎಂದಿತು. ದೀಪದ ಮಾತಾಗಿದ್ದರೆ ಸರಿಹೋಗುತ್ತಿತ್ತು. ನೆರವಾದದ್ದು, ಇಂಗ್ಲಿಷ್ ಕಲಿಯುವವರ ನಿಘಂಟಿನಲ್ಲಿ ‘ಪುಟ್’ ಪದದ ವಿವರಣೆಯ ಕೊನೆಯ ಭಾಗ ನೋಡಿ ಎಂದವರ ಮಾತು. ಇಂಥ ಜೋಡಿ ಕ್ರಿಯಾಪದಗಳೆಲ್ಲ ಅಲ್ಲಿ ಸಾಲಾಗಿ ಸಿಗುತ್ತವೆ. ಅವರಿಗೆ ಮನಸಾರೆ ಧನ್ಯವಾದ. ಪೂರ್ತಿ ರದ್ದಾಗಿದ್ದರೆ ‘ಕಾಲ್ಡ್ ಆಫ್’ ಎಂದು ಬರೆಯುತ್ತಿದ್ದರಂತೆ.

ಬಳಕೆಯ ನಿಯಮಗಳೂ ಅಲ್ಲೇ ಸಿಕ್ಕವು. ‘ಮೀಟಿಂಗ್’ನಂಥ ನಾಮಪದ ‘ಆಫ್’ಗೆ ಮೊದಲೂ ಬರಬಹುದು, ಆಮೇಲೂ ಬರಬಹುದು. ಆದರೆ ‘ಇಟ್’ ನಡುವೆಯೇ ಕೂರಬೇಕು: ‘ಪುಟ್ ಇಟ್ ಆಫ್’ ಸರಿ, ‘ಪುಟ್ ಆಫ್ ಇಟ್’ ತಪ್ಪು. ಮುಂದೆ ಕ್ರಿಯಾಪದವಿದ್ದರೆ ‘ಪುಟ್ ಆಫ್ ಗೋಯಿಂಗ್’ ಎನ್ನಬೇಕು, ‘ಟು ಗೋ’ ಅಲ್ಲ.

ನಾನು ಊಹಿಸಿರದ ಅರ್ಥವೊಂದಿದೆ. ‘ದ ಸ್ಮೆಲ್ ಪುಟ್ ಮಿ ಆಫ್’ ಎಂದರೆ ಆ ವಾಸನೆಗೆ ತಿನ್ನುವ ಮನಸ್ಸೇ ಹೋಯಿತು ಎಂದು. ಪತ್ರದಲ್ಲಿ ಪರೀಕ್ಷೆಯೋ ಸಭೆಯೋ ‘ಪುಟ್ ಆಫ್’ ಆಗಿದ್ದರೆ ಗಾಬರಿ ಬೇಡ, ಹೊಸ ದಿನಾಂಕ ಕೇಳಿ ತಿಳಿದುಕೊಳ್ಳಿ.