ನಿಕೋಟಿನ್ ಗಮ್ ಕೊಂಡವರು ಎರಡೇ ದಿನಕ್ಕೆ ವಾಪಸ್ ಬರ್ತಾರೆ, ಕೌಂಟರಲ್ಲಿ ನಿಂತು ಏನು ಹೇಳೋದು?

ಔಷಧಿ_ಕಟ್ಟೆ (ವಿಜಯನಗರ)

ಮೆಡಿಕಲ್ ಸ್ಟೋರ್ ಕೌಂಟರಿನಿಂದ ಕೇಳ್ತಿರೋ ಪ್ರಶ್ನೆ. ಸಿಗರೇಟು ಬಿಡಬೇಕು ಅಂತ ಗಮ್ ಕೇಳ್ಕೊಂಡು ಬರೋರಿಗೆ 2 ಎಂಜಿ ಹತ್ತರ ಸ್ಟ್ರಿಪ್ ಕೊಟ್ಟು ಕಳಿಸ್ತೀವಿ. ಎರಡು ದಿನ ಬಿಟ್ಟು ಅರ್ಧ ಸ್ಟ್ರಿಪ್ ಹಿಡ್ಕೊಂಡು ವಾಪಸ್ ಬರ್ತಾರೆ. ಒಬ್ಬರಿಗೆ ಬಿಕ್ಕಳಿಕೆ, ಒಬ್ಬರಿಗೆ ಎದೆಯುರಿ, ಇನ್ನೊಬ್ಬರದ್ದು "ಏನೂ ಕೆಲಸ ಮಾಡಲ್ಲ ಸಾರ್, ಸುಮ್ನೆ ದುಡ್ಡು ದಂಡ."

ಕೌಂಟರಲ್ಲಿ ಒಬ್ಬೊಬ್ಬರಿಗೆ ಸಿಗೋದು ಹೆಚ್ಚಂದ್ರೆ ಎರಡು ನಿಮಿಷ. ಅಷ್ಟರಲ್ಲಿ ಹೇಳಬೇಕಾದ್ದು ಏನು? 2 ಎಂಜಿ ಯಾರಿಗೆ, 4 ಎಂಜಿ ಯಾರಿಗೆ? ಪ್ಯಾಚು (ಮೈಗೆ ಅಂಟಿಸೋ ನಿಕೋಟಿನ್ ಪಟ್ಟಿ), ಗಮ್ಮು ಎರಡೂ ಒಟ್ಟಿಗೆ ತಗೋಬಹುದಾ? ಕೆಲವರು ಗೆಳೆಯರ ಮಾತು ಕೇಳಿ ಡಾಕ್ಟರ್ ಚೀಟಿ ಇಲ್ಲದೆ ಸಿಗರೇಟು ಬಿಡಿಸೋ ಮಾತ್ರೆ ವರೆನಿಕ್ಲಿನ್, ಬುಪ್ರೊಪಿಯಾನ್ ಕೇಳ್ತಾರೆ. ಕೊಡಲ್ಲ ಅನ್ನೋದು ಸರಿ, ಆದರೆ ಯಾಕೆ ಕೊಡಲ್ಲ ಅಂತ ಬಿಡಿಸಿ ಹೇಳೋಕೆ ಆಗಬೇಕು. ಊರಲ್ಲಿ ಇಂಥವರನ್ನ ಎಲ್ಲಿಗೆ ಕಳಿಸಬಹುದು ಅನ್ನೋದೂ ತಿಳಿಸಿ.

"ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಸಾಕು" ಅನ್ನೋ ಉತ್ತರ ದಯವಿಟ್ಟು ಬೇಡ. ಅದನ್ನ ಅವರ ಮನೆಯವರು ಆಗಲೇ ನೂರು ಸಲ ಹೇಳಿರ್ತಾರೆ.

ಆಪ್ತಸಲಹೆ

ಬಿಕ್ಕಳಿಕೆ, ಎದೆಯುರಿ, ಕೆಲಸ ಮಾಡದಿರೋದು, ಮೂರೂ ಬರೋದು ಹೆಚ್ಚಾಗಿ ಒಂದೇ ಕಡೆಯಿಂದ: ಅಗಿಯೋ ರೀತಿ. ಗಮ್‌ನಲ್ಲಿರೋ ನಿಕೋಟಿನ್ ರಕ್ತಕ್ಕೆ ಸೇರಬೇಕಾದ್ದು ಕೆನ್ನೆಯ ಒಳಪೊರೆಯ ಮೂಲಕ. ಮಾಮೂಲಿ ಚ್ಯೂಯಿಂಗ್ ಗಮ್ ಅಂದ್ಕೊಂಡು ಒಂದೇ ಸಮನೆ ಅಗಿದ್ರೆ ಎಲ್ಲಾ ಒಟ್ಟಿಗೆ ಬಿಟ್ಕೊಂಡು ಎಂಜಲಿನ ಜತೆ ಹೊಟ್ಟೆಗೆ ಇಳಿಯುತ್ತೆ. ಅಲ್ಲಿ ಉರಿ, ವಾಕರಿಕೆ, ಬಿಕ್ಕಳಿಕೆ. ಕರುಳಿಂದ ಹೀರಿಕೊಂಡಿದ್ದನ್ನ ಲಿವರ್ ಮೊದಲ ಸುತ್ತಲ್ಲೇ ಬಹುಪಾಲು ಒಡೆದುಹಾಕುತ್ತೆ, ಮೆದುಳಿಗೆ ಹೋಗೋದು ಚೂರುಪಾರು. ತೊಂದರೆ ಪೂರ್ತಿ ಬಂತು, ಪ್ರಯೋಜನ ಬರಲಿಲ್ಲ.

ಹೇಳಿಕೊಡಬೇಕಾದ್ದು ಹೀಗೆ. ನಿಧಾನವಾಗಿ ಹತ್ತು-ಹದಿನೈದು ಸಲ ಅಗೀಬೇಕು. ನಾಲಿಗೆಗೆ ಮೆಣಸಿನ ಖಾರದಂಥ ರುಚಿ ಅಥವಾ ಚುರುಚುರು ಅನ್ನಿಸಿದ ತಕ್ಷಣ ನಿಲ್ಲಿಸಿ, ಕೆನ್ನೆಗೂ ವಸಡಿಗೂ ನಡುವೆ ಇಟ್ಕೋಬೇಕು. ವಯಸ್ಸಾದವರಿಗೆ "ಹೊಗೆಸೊಪ್ಪು ದವಡೆಗೆ ಒತ್ತರಿಸ್ಕೊಳ್ಳೋ ಹಾಗೆ" ಅಂದ್ರೆ ಥಟ್ಟನೆ ಅರ್ಥ ಆಗುತ್ತೆ. ಒಂದು ನಿಮಿಷದಲ್ಲಿ ಚುರುಚುರು ಇಳಿಯುತ್ತೆ. ಇಳಿದ ಮೇಲೆ ಮತ್ತೆ ನಾಲ್ಕೈದು ಸಲ ಅಗಿದು, ಈ ಸಲ ಇನ್ನೊಂದು ಪಕ್ಕಕ್ಕೆ. ಹೀಗೆ ಅರ್ಧ ಗಂಟೆ. ಎಷ್ಟು ಅಗಿದ್ರೂ ಖಾರ ಬರ್ತಿಲ್ಲ ಅಂದಾಗ ಉಗಿದು ಹಾಕೋದು. ಕಟ್ಟಿಸಿಕೊಂಡ ಹಲ್ಲಿನ ಸೆಟ್ ಇರೋರಿಗೆ ಗಮ್ ಅಂಟ್ಕೊಳ್ಳುತ್ತೆ, ಅವರಿಗೆ ಮೊದಲೇ ಪ್ಯಾಚ್ ಕಡೆ ದಾರಿ ತೋರಿಸಿ.

ಎರಡನೇದು ಕಾಫಿ. ಬೆಂಗಳೂರಲ್ಲಿ ಗಮ್ ಸೋಲೋದು ಹೆಚ್ಚಾಗಿ ದರ್ಶಿನಿ ಮುಂದೆ ಅಂತ ನನ್ನ ಅಭಿಪ್ರಾಯ. ಕಾಫಿ, ಹಣ್ಣಿನ ರಸ, ಕೂಲ್ ಡ್ರಿಂಕ್ಸ್ ಎಲ್ಲಾ ಆಮ್ಲೀಯ. ಬಾಯಿ ಆಮ್ಲೀಯವಾಗಿದ್ದಾಗ ನಿಕೋಟಿನ್ ಕೆನ್ನೆಯ ಪೊರೆ ದಾಟೋ ರೂಪದಲ್ಲಿ ಇರೋದೇ ಇಲ್ಲ. ಕಾಫಿ ಕುಡೀತಾ ಗಮ್ ಅಗಿಯೋರಿಗೆ "ಏನೂ ಆಗಲ್ಲ" ಅನ್ನಿಸೋದು ಸುಳ್ಳಲ್ಲ, ನಿಜವಾಗಲೂ ಏನೂ ಆಗಿರಲ್ಲ. ಕಾಫಿ ಕುಡಿದು, ಬಾಯಿ ಮುಕ್ಕಳಿಸಿ, 15 ನಿಮಿಷ ಬಿಟ್ಟು ಗಮ್ ಹಾಕ್ಕೋಬೇಕು. ಗಮ್ ಬಾಯಲ್ಲಿರೋ ಅಷ್ಟೂ ಹೊತ್ತು ನೀರು ಬಿಟ್ಟು ಬೇರೇನೂ ಬೇಡ.

ಮೂರನೇದು ಎಣಿಕೆ. ತಲೆ ಕೆಟ್ಟಾಗ ಒಂದು ಅಂತ ದಿನಕ್ಕೆ ಎರಡು-ಮೂರು ಅಗಿದ್ರೆ ಸಾಲದು. ಮೊದಲ 6 ವಾರ ಎಚ್ಚರ ಇರೋವಾಗ 1-2 ಗಂಟೆಗೆ ಒಂದು, ದಿನಕ್ಕೆ ಕನಿಷ್ಠ 9. ಏಳನೇ ವಾರದಿಂದ ಒಂಬತ್ತನೇ ವಾರದವರೆಗೆ 2-4 ಗಂಟೆಗೆ ಒಂದು, ಆಮೇಲೆ 12ನೇ ವಾರದವರೆಗೆ 4-8 ಗಂಟೆಗೆ ಒಂದು. ದಿನಕ್ಕೆ 24 ದಾಟಬಾರದು. ಹತ್ತರ ಸ್ಟ್ರಿಪ್ ಅಂದ್ರೆ ಸುಮಾರು ಒಂದು ದಿನದ ಲೆಕ್ಕ. ಎರಡು ದಿನ ಆದ್ಮೇಲೂ ಅರ್ಧ ಸ್ಟ್ರಿಪ್ ಉಳಿದಿದೆ ಅಂದ್ರೆ ಅವರು ತಗೊಂಡಿದ್ದು ಬೇಕಾದ್ದರಲ್ಲಿ ಕಾಲು ಭಾಗ.

2 ಎಂಜಿನೋ 4 ಎಂಜಿನೋ ಅನ್ನೋದಕ್ಕೆ ಕೇಳಬೇಕಾದ್ದು ಒಂದೇ ಪ್ರಶ್ನೆ: "ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೇದು ಹಚ್ತೀರಾ?" ಅರ್ಧ ಗಂಟೆ ಒಳಗೆ ಅಂದ್ರೆ 4 ಎಂಜಿ, ಆಮೇಲೆ ಅಂದ್ರೆ 2 ಎಂಜಿ. ದಿನಕ್ಕೆ ಎಷ್ಟು ಅಂತ ಮಾತ್ರ ಕೇಳಿದ್ರೆ ಮೋಸ ಹೋಗ್ತೀರಿ. ಆಫೀಸಲ್ಲಿ ಸೇದೋಕೆ ಜಾಗ ಇಲ್ಲ ಅಂತ ಎಂಟೇ ಸೇದೋರು, ಎದ್ದು ಐದು ನಿಮಿಷದಲ್ಲಿ ಒಂದು ಹಚ್ಚೋರಾಗಿದ್ರೆ ನಿಕೋಟಿನ್ ಹಿಡಿತ ಬಲವಾಗೇ ಇದೆ. 4 ಎಂಜಿಗೆ ಚೀಟಿ ಬೇಕು ಅನ್ನೋದು ನಿಮಗೇ ಗೊತ್ತು, ಹಾಗಾಗಿ ಇವರನ್ನ ವೈದ್ಯರ ಹತ್ರ ಕಳಿಸೋಕೆ ಇದೇ ಒಳ್ಳೇ ನೆಪ.

ಗಾಂಧಿಬಜಾರ್_ಗಾಳಿ

ಈ ಗಮ್ಮು ಗಿಮ್ಮು ಯಾಕೆ ಸ್ವಾಮಿ? ಹತ್ತು ಸೇದೋರು ಐದಕ್ಕೆ ಇಳಿಸಲಿ, ಐದರಿಂದ ಎರಡಕ್ಕೆ. ಇಲ್ಲಾಂದ್ರೆ ಲೈಟ್ ಸಿಗರೇಟು, ಇಲ್ಲಾ ವೇಪ್.

ಶ್ವಾಸಕೋಶ_ವೈದ್ಯೆ

ಮೇಲಿನವರಿಗೆ ಮೊದಲು ಉತ್ತರಿಸುತ್ತೇನೆ. ದಿನಾಂಕ ಗೊತ್ತುಮಾಡದೆ, ಔಷಧವೂ ಇಲ್ಲದೆ ಸಂಖ್ಯೆ ಮಾತ್ರ ಇಳಿಸಿದರೆ ದೇಹ ತನಗೆ ಬೇಕಾದ ನಿಕೋಟಿನ್ ಅನ್ನು ಉಳಿದ ಸಿಗರೇಟುಗಳಿಂದಲೇ ವಸೂಲಿ ಮಾಡುತ್ತದೆ. ದಮ್ಮು ಆಳವಾಗುತ್ತದೆ, ತುದಿಯವರೆಗೂ ಸೇದುತ್ತಾರೆ. ಲೈಟ್ ಸಿಗರೇಟಿನದೂ ಇದೇ ಕಥೆ: ಫಿಲ್ಟರಿನ ಸುತ್ತ ಇರುವ ಸಣ್ಣ ತೂತುಗಳಿಂದ ಹೊಗೆಗೆ ಗಾಳಿ ಬೆರೆಯುತ್ತದೆ ಅಷ್ಟೆ, ಸೇದುವವರ ಬೆರಳು, ತುಟಿ ಆ ತೂತುಗಳನ್ನೇ ಮುಚ್ಚುತ್ತವೆ. ಇಳಿಸುತ್ತಾ ಹೋಗುವುದೇ ಇಷ್ಟವಾದರೆ ಬಿಡುವ ದಿನ ಗೊತ್ತುಮಾಡಿ, ಕಡಿಮೆ ಮಾಡಿದ ಪ್ರತಿ ಸಿಗರೇಟಿನ ಜಾಗಕ್ಕೆ ಗಮ್ ಇಟ್ಟು ಇಳಿಸಲಿ. ಇನ್ನು ಇ-ಸಿಗರೇಟಿನ ಉತ್ಪಾದನೆ, ಆಮದು, ಮಾರಾಟ, ಸಂಗ್ರಹ ಎಲ್ಲವೂ 2019ರ ಕಾಯ್ದೆಯಡಿ ದೇಶದಲ್ಲಿ ನಿಷಿದ್ಧ. ಔಷಧ ಅಂಗಡಿಯವರು ಅದರ ಮಾತೇ ಎತ್ತುವುದು ಬೇಡ.

ಪ್ಯಾಚ್ ಮತ್ತು ಗಮ್ ಒಟ್ಟಿಗೆ ಬಳಸಬಹುದು. ಒಂದನ್ನೇ ಬಳಸುವುದಕ್ಕಿಂತ ಅದು ಹೆಚ್ಚು ಫಲ ಕೊಡುತ್ತದೆ ಎನ್ನುವುದು ಅಧ್ಯಯನಗಳಲ್ಲಿ ಗಟ್ಟಿಯಾಗಿರುವ ವಿಷಯ. ಪ್ಯಾಚ್ ಇಡೀ ದಿನ ಒಂದೇ ಮಟ್ಟದಲ್ಲಿ ನಿಕೋಟಿನ್ ಕೊಡುತ್ತಿರುತ್ತದೆ, ಆದರೆ ಊಟವಾದ ಮೇಲೆ ದಿಢೀರನೆ ಏಳುವ ಚಪಲವನ್ನು ಅದು ತಡೆಯಲಾರದು. ಅಲ್ಲಿಗೆ ಗಮ್ ಬೇಕು. ದಿನಕ್ಕೆ 10ಕ್ಕಿಂತ ಹೆಚ್ಚು ಸೇದುವವರಿಗೆ 21 ಮಿ.ಗ್ರಾಂ. ಪ್ಯಾಚ್ 6 ವಾರ, 14 ಮಿ.ಗ್ರಾಂ. 2 ವಾರ, 7 ಮಿ.ಗ್ರಾಂ. 2 ವಾರ. 10 ಅಥವಾ ಕಡಿಮೆ ಸೇದುವವರು 14ರಿಂದ ಶುರುಮಾಡಬಹುದು. ರೋಮ ಕಡಿಮೆ ಇರುವ, ಒಣಗಿದ ಚರ್ಮಕ್ಕೆ (ತೋಳಿನ ಮೇಲ್ಭಾಗ, ಎದೆ, ಬೆನ್ನು) ಅಂಟಿಸಿ ಹತ್ತು ಸೆಕೆಂಡು ಅಂಗೈಯಿಂದ ಒತ್ತಿ ಹಿಡಿಯಬೇಕು. ಎಣ್ಣೆ, ಲೋಷನ್ ಹಚ್ಚಿದ ಮೈಗೆ ಹಿಡಿಯುವುದಿಲ್ಲ, ಎಣ್ಣೆ ಸ್ನಾನದ ದಿನ ಕಳಚಿ ಬೀಳುವುದು ಅದಕ್ಕೇ. ಜಾಗವನ್ನು ದಿನಾ ಬದಲಿಸದಿದ್ದರೆ ಚರ್ಮ ಕೆಂಪಾಗಿ ತುರಿಸುತ್ತದೆ. ನಿದ್ದೆ ಬಾರದೆ ವಿಚಿತ್ರ ಕನಸು ಬೀಳುತ್ತಿದ್ದರೆ ಮಲಗುವ ಮುಂಚೆ ತೆಗೆದುಬಿಡಲಿ.

ಮಾತ್ರೆಗಳ ವಿಷಯ. ಇವೆರಡನ್ನೂ ಸಿಗರೇಟು ಬಿಡುವ ದಿನಕ್ಕಿಂತ ಮುಂಚೆಯೇ ಶುರುಮಾಡಬೇಕು. ಇದು ತಿಳಿಯದೆ "ಮೂರು ದಿನ ತಗೊಂಡೆ, ಏನೂ ಆಗಲಿಲ್ಲ" ಎನ್ನುವವರು ಬಹಳ.

ವರೆನಿಕ್ಲಿನ್: 1ರಿಂದ 3ನೇ ದಿನ 0.5 ಮಿ.ಗ್ರಾಂ. ದಿನಕ್ಕೊಂದು, 4ರಿಂದ 7ನೇ ದಿನ ದಿನಕ್ಕೆರಡು, ಎಂಟನೇ ದಿನದಿಂದ 1 ಮಿ.ಗ್ರಾಂ. ದಿನಕ್ಕೆರಡು. ಒಟ್ಟು 12 ವಾರ. ಸಾಮಾನ್ಯವಾಗಿ ಎಂಟನೇ ದಿನ ಸಿಗರೇಟು ಬಿಡುವುದು. ಇದು ಮೆದುಳಿನಲ್ಲಿ ನಿಕೋಟಿನ್ ಕೂರುವ ಜಾಗಗಳ (ರಿಸೆಪ್ಟರ್) ಮೇಲೆ ತಾನೇ ಕುಳಿತು ಅರ್ಧಂಬರ್ಧ ಚಾಲನೆ ಕೊಡುತ್ತದೆ. ಹಾಗಾಗಿ ಚಡಪಡಿಕೆ ಇಳಿಯುತ್ತದೆ, ಆ ನಡುವೆ ಸೇದಿದರೂ ಮಜಾ ಸಿಗುವುದಿಲ್ಲ. ಮುಖ್ಯ ತೊಂದರೆ ವಾಕರಿಕೆ. ತಿಂಡಿಯ ಮೇಲೆ, ಒಂದು ದೊಡ್ಡ ಲೋಟ ನೀರಿನ ಜತೆ ನುಂಗಿದರೆ ಅದು ತಗ್ಗುತ್ತದೆ. ಕಿಡ್ನಿ ತೀರಾ ದುರ್ಬಲವಾಗಿದ್ದರೆ ಪ್ರಮಾಣ ಇಳಿಸಬೇಕು. ಇದರಿಂದ ಮನಸ್ಸು ಕೆಡುತ್ತದೆ ಎಂಬ ಹಳೆಯ ಭಯ ಇನ್ನೂ ಓಡಾಡುತ್ತಿದೆ. 2016ರಲ್ಲಿ ಪ್ರಕಟವಾದ, ಎಂಟು ಸಾವಿರಕ್ಕೂ ಹೆಚ್ಚು ಜನರಿದ್ದ ಈಗಲ್ಸ್ ಅಧ್ಯಯನದಲ್ಲಿ ಅಂಥ ಗಮನಾರ್ಹ ಏರಿಕೆ ಕಾಣಲಿಲ್ಲ. ಅದೇ ವರ್ಷ ಅಮೆರಿಕದ ಔಷಧ ನಿಯಂತ್ರಕರು ಈ ಬಗ್ಗೆ ಔಷಧದ ಲೇಬಲ್ಲಿನಲ್ಲಿದ್ದ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನು ತೆಗೆದರು. ಆದರೂ ಮಾನಸಿಕ ಕಾಯಿಲೆಗೆ ಚಿಕಿತ್ಸೆಯಲ್ಲಿರುವವರನ್ನು ನಿಗಾದಲ್ಲಿಟ್ಟೇ ಕೊಡುತ್ತೇವೆ.

ಬುಪ್ರೊಪಿಯಾನ್ ಎಸ್‌ಆರ್ (ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ): 150 ಮಿ.ಗ್ರಾಂ. ಮೂರು ದಿನ ಬೆಳಿಗ್ಗೆ ಒಂದು, ಆಮೇಲೆ ದಿನಕ್ಕೆರಡು, ನಡುವೆ ಕನಿಷ್ಠ 8 ಗಂಟೆ ಅಂತರ. ಎರಡನೆಯದನ್ನು ಮಲಗುವ ಹೊತ್ತಿಗೆ ನುಂಗಿದರೆ ನಿದ್ದೆ ಹೋದಂತೆಯೇ. ಬಿಡುವ ದಿನಕ್ಕೆ ಒಂದೆರಡು ವಾರ ಮುಂಚೆ ಶುರು, 7ರಿಂದ 12 ವಾರ. ಚೀಟಿ ಇಲ್ಲದೆ ಕೊಡಬಾರದು ಅನ್ನುವುದಕ್ಕೆ ಕಾರಣ ಕೇಳಿದರೆ ಒಂದೇ ವಾಕ್ಯ ಹೇಳಿ: ಇದು ಫಿಟ್ಸ್ ಬರಿಸಬಹುದು. ಹಿಂದೆ ಫಿಟ್ಸ್ ಬಂದವರು, ತಲೆಗೆ ಬಲವಾದ ಪೆಟ್ಟು ಬಿದ್ದವರು, ದಿನಾ ಕುಡಿದು ಈಗ ಥಟ್ಟನೆ ನಿಲ್ಲಿಸಿದವರು, ಇವರಿಗೆಲ್ಲ ಅಪಾಯ. ಸಿಗರೇಟು, ಕುಡಿತ ಎರಡನ್ನೂ ಒಂದೇ ದಿನ ಬಿಡುತ್ತೇನೆಂದು ಬರುವವರು ನಮ್ಮಲ್ಲಿ ಕಡಿಮೆಯೇನಿಲ್ಲ.

ಗರ್ಭಿಣಿಯರು, ಎರಡು ವಾರದ ಒಳಗೆ ಹೃದಯಾಘಾತ ಆದವರು, 18 ತುಂಬದವರು ಗಮ್ ಕೇಳಿದರೂ ವೈದ್ಯರನ್ನು ನೋಡದೆ ಬೇಡ.

ಔಷಧಿ_ಕಟ್ಟೆ (ವಿಜಯನಗರ)

ಮೇಡಂ, ತುಂಬಾ ಉಪಕಾರ. ಇನ್ನೊಂದು ವಿಷಯ: ಬಿಟ್ಟ ಮೇಲೆ ಕೈ ನಡುಗುತ್ತೆ, ಎದೆ ಢವಢವ, ನಿದ್ದೆ ಇಲ್ಲ ಅಂತಾರೆ. ಇದು ನಿಕೋಟಿನ್ ಕಮ್ಮಿ ಆಗಿದ್ದಕ್ಕಾ, ಗಮ್ ಜಾಸ್ತಿ ಆಗಿದ್ದಕ್ಕಾ?

ಶ್ವಾಸಕೋಶ_ವೈದ್ಯೆ

ಎರಡೂ ಅಲ್ಲದಿರಬಹುದು, ಕಾಫಿ ಎಷ್ಟು ಅಂತ ಕೇಳಿ. ಹೊಗೆಯಲ್ಲಿರುವ ಟಾರಿನ ಅಂಶಗಳು ಲಿವರಿನ ಒಂದು ಕಿಣ್ವವನ್ನು ಚುರುಕಾಗಿಸಿರುತ್ತವೆ, ಕೆಫೀನನ್ನು ಒಡೆಯುವುದೂ ಅದೇ ಕಿಣ್ವ. ಹೊಗೆ ನಿಂತ ಕೆಲವೇ ದಿನಗಳಲ್ಲಿ ಅದು ನಿಧಾನವಾಗುತ್ತದೆ. ಕುಡಿಯುವುದು ಮೊದಲಿನ ನಾಲ್ಕೇ ಲೋಟವಾದರೂ ರಕ್ತದಲ್ಲಿ ಕೆಫೀನ್ ಮಟ್ಟ ಎರಡರಷ್ಟಾಗಬಹುದು. ಕಾಫಿಯನ್ನು ಅರ್ಧಕ್ಕಿಳಿಸಿದರೆ, ಬೈಟು ಮಾಡಿದರೂ ಆಯಿತು, ನಡುಕ ಇಳಿಯುತ್ತದೆ. ಇಳಿಯದೆ ವಾಕರಿಕೆ, ತಲೆಸುತ್ತೂ ಇದ್ದರೆ ಆಗ ನಿಕೋಟಿನ್ ಹೆಚ್ಚಾಗಿದೆಯೇ ಎಂದು ನೋಡಬೇಕು.

ಇದೇ ಕಾರಣಕ್ಕೆ ಥಿಯೊಫಿಲಿನ್ (ಉಬ್ಬಸದ ಔಷಧ), ಕ್ಲೊಜಪಿನ್, ಒಲಾಂಜಪಿನ್ (ಮಾನಸಿಕ ಕಾಯಿಲೆಯ ಔಷಧಗಳು) ತೆಗೆದುಕೊಳ್ಳುತ್ತಿರುವವರು ಸಿಗರೇಟು ಬಿಟ್ಟರೆ ಆ ಔಷಧಗಳ ಮಟ್ಟವೂ ಏರುತ್ತದೆ. ಗಮ್, ಪ್ಯಾಚ್ ಇದನ್ನು ತಡೆಯುವುದಿಲ್ಲ, ಏಕೆಂದರೆ ಕಿಣ್ವವನ್ನು ಏರಿಸಿದ್ದು ಹೊಗೆ, ನಿಕೋಟಿನ್ ಅಲ್ಲ. ನಿಮ್ಮ ಬಿಲ್ಲಿನಲ್ಲಿ ಗಮ್ ಪಕ್ಕ ಈ ಹೆಸರು ಕಂಡರೆ ಡಾಕ್ಟರಿಗೆ ಫೋನ್ ಮಾಡಿಸಿ. ಇನ್ಸುಲಿನ್ ಹಾಕಿಕೊಳ್ಳುವವರು ಮೊದಲ ವಾರಗಳಲ್ಲಿ ಸಕ್ಕರೆಯನ್ನು ಹೆಚ್ಚು ಸಲ ನೋಡಿಕೊಳ್ಳಬೇಕು, ಬೇಕಾಗುವ ಪ್ರಮಾಣ ತಗ್ಗಬಹುದು.

ನಮ್ಮೂರ_ಆರೋಗ್ಯ

ಎಲ್ಲಿಗೆ ಕಳಿಸೋದು ಅನ್ನೋದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ರಾಷ್ಟ್ರೀಯ ಕ್ವಿಟ್‌ಲೈನ್ 1800-11-2356, ತಂಬಾಕು ಬಿಡೋರಿಗೆ ಉಚಿತ ಸಹಾಯವಾಣಿ. ಸಿಗರೇಟು ಪ್ಯಾಕಿನ ಮೇಲೇ ಅಚ್ಚಾಗಿರುತ್ತೆ, ಯಾರೂ ಓದಲ್ಲ. ಸೋಮವಾರ ಬಿಟ್ಟು ಬೆಳಿಗ್ಗೆ 8ರಿಂದ ರಾತ್ರಿ 8. ನಿಮ್ಹಾನ್ಸ್‌ನಲ್ಲಿ ಇದರ ಕೇಂದ್ರ ಇರೋದರಿಂದ ಕನ್ನಡದಲ್ಲೇ ಮಾತಾಡ್ತಾರೆ. ಬಿಡೋ ದಿನ ಗೊತ್ತುಮಾಡಿಸಿ ಆಮೇಲೆ ಅವರೇ ವಾಪಸ್ ಕರೆ ಮಾಡ್ತಾರೆ, ಪರಿಚಯ ಇಲ್ಲದ ನಂಬರ್ ಅಂತ ಕಟ್ ಮಾಡಬೇಡಿ ಅಂತ ಗಿರಾಕಿಗೆ ಹೇಳಿಡಿ. ಮುಖಾಮುಖಿ ಬೇಕು ಅನ್ನೋರಿಗೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ, ಅದರ ಪಕ್ಕದಲ್ಲೇ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ. ಖೈನಿ, ಗುಟ್ಕಾ ಹಾಕೋರಿಗೆ ಬಾಯಲ್ಲಿ ಬಿಳಿ ಕಲೆ, ವಾಸಿಯಾಗದ ಹುಣ್ಣು ಇದ್ರೆ ಗಮ್ ಕೊಟ್ಟು ಸುಮ್ನಾಗಬೇಡಿ, ಮೊದಲು ದಂತ ವೈದ್ಯರಿಗೆ ತೋರಿಸಲಿ.

ಚಡಪಡಿಕೆ ಜೋರಾಗಿರೋದು ಎರಡನೇ, ಮೂರನೇ ದಿನ. ನಿಮ್ಮ ಗಿರಾಕಿಗಳು ವಾಪಸ್ ಬರೋದೂ ಸರಿಯಾಗಿ ಅವತ್ತೇ. ಎರಡರಿಂದ ನಾಲ್ಕು ವಾರದಲ್ಲಿ ಬಹುತೇಕ ಇಳಿಯುತ್ತೆ ಅಂತ ಮೊದಲೇ ಹೇಳಿದ್ರೆ ಅರ್ಧ ಗಲಾಟೆ ಕಮ್ಮಿ. ಒಂದೊಂದು ಚಪಲ ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲಲ್ಲ, ಆ ಐದು ನಿಮಿಷ ಪೆಟ್ಟಿಗೆ ಅಂಗಡಿ ಮುಂದೆ ನಿಲ್ಲದಿದ್ರೆ ಆಯ್ತು. ರಾಜ್ಯದಲ್ಲಿ ಬಿಡಿ ಸಿಗರೇಟು ಮಾರಾಟ 2017ರಲ್ಲೇ ನಿಷೇಧ ಆಗಿದ್ರೂ ಒಂದೊಂದೇ ಸಿಗುತ್ತೆ, ಜಾರೋದೂ ಆ ಒಂದರಲ್ಲೇ.

ಔಷಧಿ_ಕಟ್ಟೆ (ವಿಜಯನಗರ)

ಇಷ್ಟನ್ನೂ ಒಂದು ಚೀಟಿಗೆ ಇಳಿಸಿ ಸ್ಟ್ರಿಪ್ ಜತೆ ಕೊಡ್ತೀನಿ. ಪ್ಯಾಚ್ ಹಾಕ್ಕೊಂಡೇ ಒಂದು ಸೇದಿಬಿಟ್ರೆ ಹಾರ್ಟ್ ಅಟ್ಯಾಕ್ ಆಗುತ್ತಂತೆ, ಹೌದಾ? ಇದನ್ನ ಎಲ್ಲರೂ ಕೇಳ್ತಾರೆ.

ಆಪ್ತಸಲಹೆ

ಇಲ್ಲ. ಈ ಭಯಕ್ಕೇ ಜನ ಪ್ಯಾಚ್ ಕಿತ್ತು ಹಾಕಿ ಸಿಗರೇಟು ಮುಂದುವರಿಸ್ತಾರೆ, ಮಾಡಬೇಕಾದ್ದು ಅದರ ಉಲ್ಟಾ. ಜಾರಿದ್ರೂ ಪ್ಯಾಚ್ ಇರಲಿ, ಮಾರನೇ ದಿನ ಹೊಸದು ಹಾಕ್ಲಿ. ಒಂದು ಸೇದಿದ್ದಕ್ಕೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರು ಮಾಡೋದೂ ಬೇಡ. ದಿನಾ ಒಂದೆರಡು ಸೇದಲೇಬೇಕು ಅನ್ನಿಸ್ತಿದ್ರೆ ಪ್ರಮಾಣ ಸಾಲ್ತಿಲ್ಲ ಅಂತ ಅರ್ಥ: ಯಾವ ಹೊತ್ತಿಗೆ ಅಂತ ಕೇಳಿ, ಅದಕ್ಕೆ ಇಪ್ಪತ್ತು ನಿಮಿಷ ಮುಂಚೆ ಒಂದು ಗಮ್ ಸೇರಿಸಿ.